ಗೋಡೆಯೊಳಗಿನ ದನಿ

ಎಡ್ಗರ್ ಅಲನ್ ಪೋ ನನಗೆ ಮೊದಲು ಸಿಕ್ಕಿದ್ದು ಕವಿಯಾಗಿ, ವಿಮರ್ಶಕನಾಗಿ. ಎಂ.ಎ. ಓದುವಾಗ ನಮ್ಮ ಅಮೆರಿಕನ್ ಸಾಹಿತ್ಯದ ಪತ್ರಿಕೆಯಲ್ಲಿ ಎಮರ್ಸನ್, ಥೋರೋ, ವಿಟ್ಮನ್, ಮೆಲ್ವಿಲ್ ದೊಡ್ಡ ಜಾಗ ಹಿಡಿದಿದ್ದರು. ಪೋನ ಪಾಲಿಗೆ ಬಂದದ್ದು 1845ರ 'ದಿ ರೇವನ್' ಪದ್ಯ, ಆ ಪದ್ಯವನ್ನು ತಾನು ಹೇಗೆ ಕಟ್ಟಿದೆ ಎಂದು ಅವನೇ ವಿವರಿಸುವ 1846ರ ಪ್ರಬಂಧ, ಅಷ್ಟೆ. ಕಥೆಗಳ ಮಾತು ಬಂದರೆ ಮೇಷ್ಟ್ರುಗಳು ಬೇಗ ದಾಟಿಬಿಡುತ್ತಿದ್ದರು. ಭಯದ ಕಥೆಯೆಂದರೆ ರೈಲಿನಲ್ಲಿ ಹೊತ್ತು ಕಳೆಯಲು ಓದುವಂಥದ್ದು, ಪರೀಕ್ಷೆಗೆ, ವಿಮರ್ಶೆಗೆ ತಕ್ಕದ್ದಲ್ಲ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರು ಬಿಟ್ಟುಹೋಗಿದ್ದ ಹಳೆಯ ಸಂಕಲನವೊಂದರಲ್ಲಿ 'ದಿ ಟೆಲ್-ಟೇಲ್ ಹಾರ್ಟ್' ಇತ್ತು. ನಾಲ್ಕೈದು ಪುಟದ ಕಥೆ. ಹೇಳುವವನಿಗೆ ಹೆಸರಿಲ್ಲ, ಊರಿಲ್ಲ. ಅವನ ಜೊತೆಗಿರುವ ಮುದುಕನಿಗೂ ಇಲ್ಲ. ಮುದುಕನ ಮೇಲೆ ಸಿಟ್ಟಿಲ್ಲ, ಅವನ ದುಡ್ಡಿನ ಮೇಲೆ ಆಸೆಯಿಲ್ಲ, ಪ್ರೀತಿಯೇ ಇದೆ ಎನ್ನುತ್ತಾನೆ. ಮುದುಕನ ಒಂದು ಕಣ್ಣಿಗೆ ಪೊರೆ ಬಂದಿದೆ. ಆ ಕಣ್ಣೊಂದನ್ನು ಸಹಿಸಲಾರ. ಏಳು ರಾತ್ರಿ ಬಾಗಿಲು ಸರಿಸಿ, ಲಾಂದ್ರದ ಒಂದೇ ಎಳೆ ಬೆಳಕನ್ನು ಆ ಕಣ್ಣಿನ ಮೇಲೆ ಬಿಟ್ಟು ನೋಡುತ್ತಾನೆ. ಎಂಟನೆಯ ರಾತ್ರಿ ಕೊಂದು, ಹೆಣವನ್ನು ನೆಲದ ಹಲಗೆಯಡಿ ಅಡಗಿಸುತ್ತಾನೆ. ಕಥೆಯುದ್ದಕ್ಕೂ ಅವನದು ಒಂದೇ ವಾದ: ಎಷ್ಟು ಎಚ್ಚರದಿಂದ, ಎಷ್ಟು ಲೆಕ್ಕಾಚಾರದಿಂದ ಮಾಡಿದ್ದೇನೆ ನೋಡಿ, ಹುಚ್ಚನಾದವನು ಹೀಗೆ ಮಾಡಬಲ್ಲನೇ?

ನಾನು ಸಾಗರದ ಕಡೆಯವಳು. ದೆವ್ವದ ಕಥೆಗಳನ್ನು ಅಜ್ಜಿಯ ಬಾಯಲ್ಲಿ ಬೇಕಾದಷ್ಟು ಕೇಳಿ ಬೆಳೆದಿದ್ದೆ. ಆ ಕಥೆಗಳಲ್ಲಿ ದೆವ್ವಕ್ಕೊಂದು ವಿಳಾಸ ಇರುತ್ತಿತ್ತು. ಯಾರ ಮನೆಯ ಸೊಸೆ, ಯಾವ ಕೆರೆಗೆ ಹಾರಿದ್ದು, ಏನು ಆಸೆ ಉಳಿದದ್ದು, ಯಾವ ದಿನ ಏನು ಕೊಟ್ಟರೆ ದಾರಿ ಬಿಡುತ್ತದೆ, ಎಲ್ಲ ಗೊತ್ತಿರುತ್ತಿತ್ತು. ಹೆದರಿಕೆಗೆ ಒಂದು ಕಾರಣ, ಕಾರಣಕ್ಕೆ ಒಂದು ಪರಿಹಾರ. ಪೋನ ಕಥೆಯಲ್ಲಿ ಸತ್ತವನಿಗೆ ಏನೂ ಬೇಕಾಗಿಲ್ಲ. ಬದುಕಿರುವವನೇ ಮಾತಾಡುತ್ತಿದ್ದಾನೆ, ಅದೂ ತರ್ಕಬದ್ಧವಾಗಿ, ನನ್ನನ್ನೇ ಉದ್ದೇಶಿಸಿ, ಒಪ್ಪಿಗೆ ಬೇಡುವ ದನಿಯಲ್ಲಿ. ಒಂದು ಜಾಗದಲ್ಲಿ ನಾನು ತಡೆದು ನಿಂತೆ. ಎಂಟನೆಯ ರಾತ್ರಿ ಸದ್ದಿಗೆ ಎಚ್ಚರಗೊಂಡ ಮುದುಕ ಹಾಸಿಗೆಯ ಮೇಲೆ ಎದ್ದು ಕೂತು ಸಣ್ಣಗೆ ನರಳುತ್ತಾನೆ. ಆ ನರಳಿಕೆ ತನಗೆ ಚೆನ್ನಾಗಿ ಗೊತ್ತು ಎನ್ನುತ್ತಾನೆ ಕೊಲೆಗಾರ. ಎಷ್ಟೋ ನಡುರಾತ್ರಿ, ಲೋಕವೆಲ್ಲ ಮಲಗಿದಾಗ, ಅದು ತನ್ನ ಎದೆಯಿಂದಲೇ ಎದ್ದು ಬಂದಿತ್ತು. ಅಂದರೆ ಬಾಗಿಲ ಬಳಿ ನಿಂತವನಿಗೂ ಹಾಸಿಗೆಯ ಮೇಲಿದ್ದವನಿಗೂ ಇರುವುದು ಒಂದೇ ಭಯ. ಎದುರಿನವನ ಭಯವನ್ನು ಅಷ್ಟು ಒಳಗಿನಿಂದ ಬಲ್ಲವನು, ಬಲ್ಲೆನೆಂದು ಹೇಳಿಯೂ, ಕೊಲ್ಲುತ್ತಾನೆ. ಅನುಕಂಪ ಮನುಷ್ಯನನ್ನು ಕ್ರೌರ್ಯದಿಂದ ಕಾಪಾಡುತ್ತದೆ ಎಂದು ನಂಬಿದ್ದವಳಿಗೆ ಆ ಮೂರು ನಾಲ್ಕು ಸಾಲು ಕೊಟ್ಟ ಪೆಟ್ಟು ಯಾವ ದೆವ್ವವೂ ಕೊಟ್ಟಿರಲಿಲ್ಲ. ಎಂ.ಫಿಲ್‌ಗೆ ಇದೇ ನನ್ನ ವಿಷಯ ಎಂದು ಅಂದೇ ನಿರ್ಧಾರವಾಯಿತು.

ಆ ಕಾಲದಲ್ಲಿ ಅಮೆರಿಕನ್ ಸಾಹಿತ್ಯ ಓದುವ ನಮ್ಮಂಥವರಿಗೆ ಹೈದರಾಬಾದೇ ದಾರಿ. 1964ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಶುರುವಾದ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್‌ಗೆ ದೇಶದ ಎಲ್ಲ ಮೂಲೆಗಳಿಂದ ಸಂಶೋಧಕರು ಬರುತ್ತಿದ್ದರು. ಕರ್ನಾಟಕದ ಕಾಲೇಜುಗಳ ಇಂಗ್ಲಿಷ್ ಅಧ್ಯಾಪಕರು ಅಲ್ಲಿ ಒಬ್ಬರಲ್ಲ ಒಬ್ಬರು ಸಿಕ್ಕೇ ಸಿಗುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ಒಂದು ಮೇಜಾದರೂ ಕನ್ನಡದ್ದಾಗುತ್ತಿತ್ತು. ನಮ್ಮಲ್ಲಿ ಹೆಸರಷ್ಟೇ ಕೇಳಿದ್ದ ಪುಸ್ತಕಗಳು ಅಲ್ಲಿ ಕೈಗೆಟುಕುವಂತಿದ್ದವು. ಥಾಮಸ್ ಆಲಿವ್ ಮ್ಯಾಬಟ್ ಬದುಕೆಲ್ಲ ಕೂತು ಸಂಪಾದಿಸಿದ ಪೋ ಸಂಪುಟಗಳನ್ನು ಅಲ್ಲಿ ನೋಡಿದೆ. ಪೋ ತನ್ನ ಕಥೆಯನ್ನು ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ಕೊಡುವಾಗ ಯಾವ ಪದ ಬಿಟ್ಟ, ಯಾವುದನ್ನು ಸೇರಿಸಿದ ಎಂಬ ಲೆಕ್ಕವೆಲ್ಲ ಅದರಲ್ಲಿದೆ. 'ಟೆಲ್-ಟೇಲ್ ಹಾರ್ಟ್' 1843ರ ಜನವರಿಯಲ್ಲಿ 'ದಿ ಪಯೊನೀರ್' ಪತ್ರಿಕೆಯಲ್ಲಿ ಮೊದಲು ಅಚ್ಚಾದಾಗ ಅದರ ನೆತ್ತಿಯ ಮೇಲೆ ಲಾಂಗ್‌ಫೆಲೋ ಕವಿಯ ಸಾಲುಗಳಿದ್ದವು. ಮನುಷ್ಯರ ಎದೆಬಡಿತವನ್ನು ಶವಯಾತ್ರೆಯ ಮುಸುಕಿದ ನಗಾರಿಗೆ ಹೋಲಿಸುವ ಸಾಲುಗಳು. 1845ರಲ್ಲಿ ಮತ್ತೆ ಅಚ್ಚು ಹಾಕಿಸುವಾಗ ಪೋ ಅದನ್ನು ಕಿತ್ತುಹಾಕಿದ. ಲಾಂಗ್‌ಫೆಲೋ ಮೇಲೆ ಅವನು ಕೃತಿಚೌರ್ಯದ ಆರೋಪ ಹೊರಿಸಿ ಜಗಳ ತೆಗೆದಿದ್ದ ಕಾಲ ಅದು, ಕಾರಣ ಆ ಜಗಳವೂ ಇರಬಹುದು. ಕಥೆಗಂತೂ ಒಳ್ಳೆಯದೇ ಆಯಿತು. ನಗಾರಿಯ ಸೂಚನೆ ಹೋದಮೇಲೆ ನೆಲದ ಹಲಗೆಯಡಿಯ ಬಡಿತ ಓದುಗರಿಗೆ ಯಾವ ಮುನ್ನೆಚ್ಚರಿಕೆಯೂ ಇಲ್ಲದೆ ಕೇಳಿಸುತ್ತದೆ.

ಅದು ಯಾರ ಎದೆಯ ಬಡಿತ ಎಂಬ ಪ್ರಶ್ನೆಯನ್ನು ಪೋ ಬಗೆಹರಿಸುವುದಿಲ್ಲ. ಕಥೆ ಒಂದೇ ಆಸನದಲ್ಲಿ ಓದಿ ಮುಗಿಯಬೇಕು, ಮೊದಲ ವಾಕ್ಯದಿಂದಲೇ ಒಂದೇ ಪರಿಣಾಮದ ಕಡೆಗೆ ನಡೆಯಬೇಕು ಎಂದು 1842ರಲ್ಲಿ ಹಾಥಾರ್ನ್‌ನ ಕಥೆಗಳ ವಿಮರ್ಶೆಯಲ್ಲಿ ಅವನು ಬರೆದ. ತನ್ನ ಭಯಾನಕತೆ ಜರ್ಮನಿಯಿಂದ ಕಡ ತಂದದ್ದಲ್ಲ, ಆತ್ಮದಿಂದ ಬಂದದ್ದು ಎಂದು ಅದಕ್ಕೂ ಮುಂಚೆ, 1840ರ ಸಂಕಲನದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದ. ಎರಡು ಮಾತನ್ನೂ ಜೊತೆಗಿಟ್ಟು ಓದಬೇಕು. ಮೂರು ವರ್ಷ ತುಂಬುವ ಮುಂಚೆಯೇ ತಾಯಿಯನ್ನು ಕ್ಷಯಕ್ಕೆ ಕಳೆದುಕೊಂಡವನು, ಮುಂದೆ 1847ರಲ್ಲಿ ಹೆಂಡತಿಯನ್ನೂ ಅದೇ ಕಾಯಿಲೆಗೆ ಕಳೆದುಕೊಂಡವನು, ಭಯವನ್ನು ಗೋಳಾಗಿಸದೆ ಅಳೆದು ತೂಗಿ ಕಟ್ಟಿದ. ಆ ಕಟ್ಟಡದ ಶಿಸ್ತನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಎಂ.ಫಿಲ್ ವೈವಾದಲ್ಲಿ ಪರೀಕ್ಷಕರೊಬ್ಬರು ಕೇಳಿದ ಪ್ರಶ್ನೆ ನನಗೆ ವರ್ಷಗಟ್ಟಲೆ ಕೆಲಸ ಕೊಟ್ಟಿತು. "ಭಯ ಸರಿಯಮ್ಮ, ಅದು ರಸ ಆಗೋದು ಹೇಗೆ?" ತೀ.ನಂ.ಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಬಿ.ಎ.ಯಲ್ಲಿ ಓದಿದ್ದ ಧೈರ್ಯದ ಮೇಲೆ ಏನೋ ಉತ್ತರ ಹೇಳಿ ಹೊರಗೆ ಬಂದೆ. ಆಮೇಲೆ ನಿಧಾನವಾಗಿ ಯೋಚಿಸಿದೆ. ಅಭಿನವಗುಪ್ತ ಭಯಾನಕಕ್ಕೆ ಕೊಡುವ ಉದಾಹರಣೆ ಶಾಕುಂತಲದ ಮೊದಲ ಅಂಕದ ಜಿಂಕೆ. ದುಷ್ಯಂತನ ರಥ ಬೆನ್ನಟ್ಟಿದಾಗ ಕತ್ತು ತಿರುಗಿಸಿ ನೋಡುತ್ತ ಓಡುವ ಜಿಂಕೆ. ಅದನ್ನು ಕಾಣುವ ಸಹೃದಯ ನಾನು ಹೆದರಿದೆ ಎಂದುಕೊಳ್ಳುವುದಿಲ್ಲ, ಅದು ಹೆದರಿತು ಎಂದೂ ದೂರ ನಿಲ್ಲುವುದಿಲ್ಲ. ಯಾರದೂ ಅಲ್ಲದ, ಎಲ್ಲರದೂ ಆದ ಭಯವೊಂದು ಅನುಭವಕ್ಕೆ ಬರುತ್ತದೆ. ಪೋ ಮಾಡುವುದು ಇದಕ್ಕಿಂತ ಅಪಾಯದ ಕೆಲಸ. ಅವನು ನಮ್ಮನ್ನು ಜಿಂಕೆಯ ಬದಲು ಬೇಟೆಗಾರನ ಮೈಯೊಳಗೆ ಕೂರಿಸುತ್ತಾನೆ, ಅಲ್ಲಿಂದ ಜಿಂಕೆಯ ಎದೆಬಡಿತ ಕೇಳಿಸುತ್ತಾನೆ. ಭಯವೂ ನಮ್ಮದೇ, ಬಾಣವೂ ನಮ್ಮದೇ. ಅದು ರಸವಾಗಿ ಉಳಿಯುವುದು ವಾಕ್ಯಗಳ ಲಯದಿಂದ, ಕಥೆಯ ಬಿಗಿಯಿಂದ ಎಂದು ನನ್ನ ತಿಳಿವಳಿಕೆ. ಲಯ ಸ್ವಲ್ಪ ಸಡಿಲಾದರೂ ಉಳಿಯುವುದು ಪತ್ರಿಕೆಯ ಕೊಲೆ ಸುದ್ದಿ ಮಾತ್ರ.

ನಾಟ್ಯಶಾಸ್ತ್ರದ ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಭಯವನ್ನು ಭರತ ಹೆಂಗಸರ ಮತ್ತು ನೀಚಪ್ರಕೃತಿಯವರ ಪಾಲಿಗೆ ಹಾಕುತ್ತಾನೆ. ಉತ್ತಮ ಪಾತ್ರಗಳು ಭಯಪಟ್ಟರೂ ಅದು ಗುರುವಿನ, ರಾಜನ ಮುಂದೆ ತೋರಿಸುವ ಭಯ. ನಾನು ಓದಿದ ಅಮೆರಿಕನ್ ಕಥೆಗಳಲ್ಲಿ ಭಯ ಮೇಲಿನವರ ಮನೆಯಲ್ಲೇ ಹುಟ್ಟುತ್ತದೆ. ನ್ಯಾಯಾಧೀಶರು, ಪಾದ್ರಿಗಳು, ವೈದ್ಯರು, ಊರ ಹಿರಿಯರು, ಇವರ ಒಳ್ಳೆಯ ಮಾತಿನಲ್ಲಿ ಹುಟ್ಟುತ್ತದೆ.

ಇದಕ್ಕೆ ಅಲ್ಲಿನ ಇತಿಹಾಸವೇ ಹಿನ್ನೆಲೆ. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟದ ಆರೋಪದ ಮೇಲೆ 19 ಜನರನ್ನು ನೇಣಿಗೆ ಹಾಕಿದರು. ತಪ್ಪೊಪ್ಪಿಗೆಗೂ ನಿರಾಕರಣೆಗೂ ಬಾಯಿ ಬಿಡದ ಜೈಲ್ಸ್ ಕೋರಿಯನ್ನು ಎದೆಯ ಮೇಲೆ ಕಲ್ಲು ಹೇರಿ ಸಾಯಿಸಿದರು. ದೊಂಬಿಯವರು ಮಾಡಿದ ಕೆಲಸ ಇದಲ್ಲ, ಕೋರ್ಟು ನಡೆದಿತ್ತು, ಸಾಕ್ಷಿ ಬರೆದುಕೊಂಡಿದ್ದರು. ಆರೋಪಿಯ ಛಾಯಾರೂಪ ತನ್ನನ್ನು ಕಾಡಿತು ಎಂದು ಯಾರಾದರೂ ಹೇಳಿದರೆ ಅದೂ ಸಾಕ್ಷಿಯೇ. ಆ ವಿಚಾರಣೆ ನಡೆಸಿದವರಲ್ಲಿ ಜಾನ್ ಹಾಥಾರ್ನ್ ಒಬ್ಬ, ಕಥೆಗಾರ ನಥಾನಿಯಲ್ ಹಾಥಾರ್ನ್‌ನ ಮುತ್ತಜ್ಜನ ತಂದೆ. ನಥಾನಿಯಲ್ ತನ್ನ ಹೆಸರಿನ ಕಾಗುಣಿತಕ್ಕೆ ಒಂದು ಅಕ್ಷರ ಸೇರಿಸಿಕೊಂಡ, ಆದರೂ ಆ ಹಿರಿಯ ಅವನ ಬರಹದಿಂದ ಹೋಗಲಿಲ್ಲ. 1835ರ 'ಯಂಗ್ ಗುಡ್‌ಮನ್ ಬ್ರೌನ್' ಕಥೆಯಲ್ಲಿ ತರುಣನೊಬ್ಬ ರಾತ್ರಿ ಕಾಡಿಗೆ ಹೋಗಿ, ತನ್ನ ಊರಿನ ಗೌರವಸ್ಥರೆಲ್ಲ ಸೈತಾನನ ಸಭೆಯಲ್ಲಿ ಸೇರಿರುವುದನ್ನು ಕಾಣುತ್ತಾನೆ. ಕನಸೋ ನಿಜವೋ ತಿಳಿಯದು. ಮರುದಿನದಿಂದ ಸಾಯುವತನಕ ಯಾರನ್ನೂ ನಂಬಲಾರ. ಆ ಸಭೆಗೆ ಹಾಥಾರ್ನ್ ಮಾರ್ಥಾ ಕ್ಯಾರಿಯರ್ ಎಂಬ ಹೆಸರನ್ನೂ ಕರೆತರುತ್ತಾನೆ. ಸೇಲಂನಲ್ಲಿ ನೇಣಿಗೇರಿದ ನಿಜವಾದ ಹೆಂಗಸಿನ ಹೆಸರು ಅದು. ಅಂದರೆ ಓದುಗರೂ ಆ ಛಾಯಾಸಾಕ್ಷ್ಯವನ್ನೇ ನಂಬಿ, ಆಕೆಯನ್ನು ಮಾಟಗಾತಿಯಾಗಿ ಮತ್ತೊಮ್ಮೆ ನೋಡುತ್ತೇವೆ. ಹಾಥಾರ್ನ್ ಇದನ್ನು ತಿಳಿದೇ ಮಾಡಿದ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿರ್ದೋಷಿಯನ್ನು ನೇಣಿಗೆ ಕಳಿಸಿದ ಕಣ್ಣು ಎಂಥದ್ದು ಎಂದು ತೋರಿಸಲು ಆ ಕಣ್ಣನ್ನೇ ನಮಗೆ ಕೊಟ್ಟುಬಿಟ್ಟ.

ಆಮೇಲೆ ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪಾಠ ಮಾಡತೊಡಗಿದೆ. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡ ಹುಡುಗಿಯರಲ್ಲಿ ಹೆಚ್ಚಿನವರು ಸುತ್ತಲಿನ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಬರುವವರು. ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಬರೆದ 'ದಿ ಯೆಲ್ಲೋ ವಾಲ್‌ಪೇಪರ್' ಕಥೆಯ ಜೆರಾಕ್ಸ್ ಹಂಚಿ ಓದಿಸಿದೆ. 1892ರ ಕಥೆ. ಹೆರಿಗೆಯಾದ ಮೇಲೆ ಮಂಕಾಗಿರುವ ಹೆಂಗಸನ್ನು ವೈದ್ಯನಾದ ಅವಳ ಗಂಡ ಬೇಸಿಗೆಗೆಂದು ಒಂದು ದೊಡ್ಡ ಮನೆಗೆ ಕರೆತಂದು ಮಹಡಿಯ ಕೋಣೆಯಲ್ಲಿ ಇರಿಸುತ್ತಾನೆ. ಕಿಟಕಿಗೆ ಸರಳು, ನೆಲಕ್ಕೆ ಮೊಳೆ ಹೊಡೆದ ಮಂಚ, ಗೋಡೆಗೆ ಅಸಹ್ಯವಾದ ಹಳದಿ ಕಾಗದ. ಬರೆಯಬಾರದು, ಯೋಚಿಸಬಾರದು, ಚೆನ್ನಾಗಿ ತಿಂದು ಮಲಗಬೇಕು. ಅವಳು ಕದ್ದು ಬರೆಯುತ್ತಾಳೆ. ದಿನ ಕಳೆದ ಹಾಗೆ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ಅಂಬೆಗಾಲಿಟ್ಟು ಓಡಾಡುವುದು ಕಾಣುತ್ತದೆ. ಕೊನೆಗೆ ಕಾಗದ ಹರಿದು ಅವಳನ್ನು ಬಿಡಿಸುತ್ತಾಳೆ. ಬಿಡುಗಡೆಯಾದವಳು ತಾನೇ ಆಗಿರುತ್ತಾಳೆ.

ಓದು ಮುಗಿದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅದುವರೆಗೆ ತರಗತಿಯಲ್ಲಿ ಬಾಯಿ ತೆರೆದವಳಲ್ಲ, ಎದ್ದು ನಿಂತು ಕನ್ನಡದಲ್ಲೇ ಹೇಳಿದಳು: "ಅವಳ ಗಂಡ ಕೆಟ್ಟೋನಲ್ಲ ಮೇಡಂ. ಅದೇ ಕಷ್ಟ."

ಆ ಕಥೆಯ ಮೇಲೆ ನಾನು ಓದಿದ ಎಷ್ಟೋ ಲೇಖನಗಳು ಹೇಳಿದ್ದನ್ನು ಅವಳು ಒಂದು ಉಸಿರಿನಲ್ಲಿ ಹೇಳಿದ್ದಳು. ಗಂಡ ಹೊಡೆಯುವುದಿಲ್ಲ, ಬೈಯುವುದಿಲ್ಲ. ಪುಟ್ಟ ಹುಡುಗಿ ಎಂದು ಕರೆದು, ಎತ್ತಿಕೊಂಡು ಹೋಗಿ ಮಲಗಿಸುತ್ತಾನೆ. ನಿನ್ನ ಒಳ್ಳೆಯದಕ್ಕೇ ಎನ್ನುತ್ತಾನೆ, ಮನಸ್ಸಿನಿಂದಲೇ ಹಾಗೆ ನಂಬಿರುತ್ತಾನೆ. ಗಿಲ್ಮನ್‌ಗೆ ಈ ಚಿಕಿತ್ಸೆ ಪುಸ್ತಕದಿಂದ ಗೊತ್ತಾದದ್ದಲ್ಲ. 1887ರಲ್ಲಿ ಫಿಲಡೆಲ್ಫಿಯಾದ ಹೆಸರಾಂತ ನರರೋಗ ವೈದ್ಯ ವಿಯರ್ ಮಿಚೆಲ್ ಆಕೆಗೇ ಅದನ್ನು ವಿಧಿಸಿದ್ದ: ಆದಷ್ಟೂ ಮನೆವಾರ್ತೆಯಲ್ಲೇ ಇರು, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬುದ್ಧಿಯ ಕೆಲಸ ಬೇಡ, ಬದುಕಿರುವವರೆಗೆ ಪೆನ್ನು, ಕುಂಚ, ಪೆನ್ಸಿಲ್ ಮುಟ್ಟಬೇಡ. ಮೂರು ತಿಂಗಳು ಪಾಲಿಸಿ, ಹುಚ್ಚಿನ ಅಂಚಿನಿಂದ ಹಿಂದೆ ಬಂದು, ಆಕೆ ಪೆನ್ನು ಹಿಡಿದಳು.

ಇಲ್ಲಿ ಪೋನ ಇನ್ನೊಂದು ಕಥೆಯನ್ನು ನೆನೆಯಲೇಬೇಕು. 1843ರ 'ದಿ ಬ್ಲ್ಯಾಕ್ ಕ್ಯಾಟ್'ನಲ್ಲಿ ಗಂಡ ಹೆಂಡತಿಯನ್ನು ಕೊಡಲಿಯಿಂದ ಕೊಂದು ನೆಲಮಾಳಿಗೆಯ ಗೋಡೆಯಲ್ಲಿ ಇಟ್ಟು ಕಟ್ಟಿಬಿಡುತ್ತಾನೆ. ಕಥೆ ಹೇಳುವವನು ಗಂಡ. ಹೆಂಡತಿಗೆ ಹೆಸರೂ ಇಲ್ಲ. ಗೋಡೆಯೊಳಗಿಂದ ಕೂಗುವುದು ಬೆಕ್ಕು. ಸುಂದರಿಯ ಸಾವೇ ಕಾವ್ಯಕ್ಕೆ ಎಲ್ಲಕ್ಕಿಂತ ಮೇಲಾದ ವಸ್ತು ಎಂದು ಬರೆದವನು ಪೋ. 'ಬ್ಲ್ಯಾಕ್ ಕ್ಯಾಟ್' ಬಂದ 49 ವರ್ಷಕ್ಕೆ ಗಿಲ್ಮನ್ ಮತ್ತೊಂದು ಗೋಡೆ ಕಟ್ಟಿದಳು, ಈ ಸಲ ಗೋಡೆಯೊಳಗಿನವಳ ಕೈಗೇ ಪೆನ್ನು ಕೊಟ್ಟಳು. ಅಮೆರಿಕದ ಭಯದ ಕಥೆಯ ಇತಿಹಾಸವನ್ನು ನಾನು ತರಗತಿಯಲ್ಲಿ ಈ ಎರಡು ಗೋಡೆಗಳ ನಡುವೆಯೇ ಹೇಳಿಕೊಡುತ್ತಿದ್ದೆ. ಪೋನನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಹುಚ್ಚಿನಂಚಿನಲ್ಲಿ ನಿಂತು, ತಾನು ಸ್ವಸ್ಥ ಎಂದು ವಾದಿಸುವ ಆ ದನಿಯನ್ನು ಅವನು ಕಂಡುಹಿಡಿಯದಿದ್ದರೆ ಗಿಲ್ಮನ್‌ಗೆ ಆ ದಾರಿ ಅಷ್ಟು ಸುಲಭವಾಗಿ ತೆರೆದಿರುತ್ತಿರಲಿಲ್ಲ. ಆಕೆಯ ಕಥೆ ಮುಂದೆ ಬಹುಕಾಲ ಮರೆತುಹೋಗಿ, 1973ರಲ್ಲಿ ಫೆಮಿನಿಸ್ಟ್ ಪ್ರೆಸ್ ಪುಸ್ತಕವಾಗಿ ತಂದಮೇಲೆ ಮತ್ತೆ ಓದುಗರ ನಡುವೆ ಬಂತು.

ಶರ್ಲಿ ಜಾಕ್ಸನ್‌ಳ 'ದಿ ಲಾಟರಿ'ಯನ್ನು ಕಲಿಸುವಾಗ ನಾನು ಮೊದಲೇ ಏನೂ ಹೇಳುತ್ತಿರಲಿಲ್ಲ. ಜೂನ್ 27ರ ಬೆಳಗ್ಗೆ, ಹೊಳೆಯುವ ಬಿಸಿಲು, ಮುನ್ನೂರು ಜನರ ಊರು ಚೌಕದಲ್ಲಿ ಸೇರುತ್ತದೆ. ಗಂಡಸರು ಮಳೆ, ಟ್ರ್ಯಾಕ್ಟರ್, ತೆರಿಗೆಯ ಮಾತಾಡುತ್ತಾರೆ. ಹುಡುಗರು ನುಣುಪಾದ ಕಲ್ಲು ಆರಿಸಿ ಜೇಬು ತುಂಬಿಸಿಕೊಳ್ಳುತ್ತಾರೆ. ಕಪ್ಪು ಪೆಟ್ಟಿಗೆಯಿಂದ ಚೀಟಿ ಎತ್ತುವ ಕೆಲಸ ಮಧ್ಯಾಹ್ನದ ಊಟದೊಳಗೆ ಮುಗಿಯಬೇಕು. ಪಾತ್ರೆ ತೊಳೆಯುತ್ತಿದ್ದು ದಿನವೇ ಮರೆತುಹೋಯಿತು ಎಂದು ಟೆಸ್ಸಿ ಹಚಿನ್ಸನ್ ತಡವಾಗಿ ಓಡಿಬರುತ್ತಾಳೆ, ಎಲ್ಲರೂ ನಗುತ್ತಾರೆ. ಚುಕ್ಕೆಯಿರುವ ಚೀಟಿ ಅವಳಿಗೇ ಬರುತ್ತದೆ. ಕಲ್ಲು ಬೀಳಲು ಶುರುವಾಗುವ ಮುಂಚೆ ಯಾರೋ ಅವಳ ಪುಟ್ಟ ಮಗನ ಕೈಗೂ ನಾಲ್ಕು ಬೆಣಚುಕಲ್ಲು ಕೊಡುತ್ತಾರೆ. ಈ ಸಾಲಿಗೆ ಬಂದಾಗ ತರಗತಿಯಲ್ಲಿ ಒಬ್ಬರಾದರೂ ಪುಸ್ತಕದಿಂದ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು.

1948ರ ಜೂನ್ 26ರ 'ದಿ ನ್ಯೂಯಾರ್ಕರ್' ಸಂಚಿಕೆಯಲ್ಲಿ ಅದು ಬಂತು, ಕಥೆಯೊಳಗಿನ ತಾರೀಖಿಗೆ ಒಂದು ದಿನ ಮೊದಲು. ಆ ಬೇಸಿಗೆಯಲ್ಲಿ ಜಾಕ್ಸನ್‌ಗೆ ಮುನ್ನೂರಕ್ಕೂ ಹೆಚ್ಚು ಕಾಗದ ಬಂದವು. ಬೈದವರಿದ್ದರು, ಅರ್ಥ ಕೇಳಿದವರಿದ್ದರು. ಸ್ವಂತ ತಾಯಿಯೇ ತಮಗೆ ಕಥೆ ಹಿಡಿಸಲಿಲ್ಲ ಎಂದು ಬರೆದಳು. ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ಹೋಗಿ ನೋಡಬಹುದೇ ಎಂದು ಕೇಳಿದವರೂ ಇದ್ದರು. ಆ ಕಾಗದಗಳ ಬಗ್ಗೆ ಆಕೆ ಮಾಡಿದ ಉಪನ್ಯಾಸ, ಆಕೆ ತೀರಿಕೊಂಡ ಮೇಲೆ 1968ರ ಸಂಕಲನದಲ್ಲಿ ಅಚ್ಚಾಯಿತು. ಅದನ್ನು ಓದಿದ ಮೇಲೆ, ಕಥೆ ನಿಜವಾಗಿ ಮುಗಿಯುವುದು ಆ ಕಾಗದಗಳಲ್ಲೇ ಎಂದು ನನಗೆ ಅನ್ನಿಸಿತು. ಎರಡನೆಯ ಮಹಾಯುದ್ಧ ಮುಗಿದು ಮೂರು ವರ್ಷವೂ ತುಂಬಿರಲಿಲ್ಲ. ಮರ್ಯಾದಸ್ಥ ಜನ ಸಾಲಾಗಿ ನಿಂತು, ಪಟ್ಟಿ ಓದಿ, ಕೊಲ್ಲಬಲ್ಲರು ಎಂಬುದು ಆಗ ಇಡೀ ಜಗತ್ತಿಗೆ ಗೊತ್ತಿದ್ದ ಸಂಗತಿ. ಜಾಕ್ಸನ್ ಅದನ್ನು ನ್ಯೂ ಇಂಗ್ಲೆಂಡಿನ ಒಂದು ಹಳ್ಳಿಯ ಚೌಕಕ್ಕೆ ತಂದು ನಿಲ್ಲಿಸಿದಳು, ಅದಕ್ಕೇ ಅಷ್ಟು ಸಿಟ್ಟು.

ಎಚ್.ಪಿ. ಲವ್‌ಕ್ರಾಫ್ಟ್‌ನನ್ನು ಪ್ರೀತಿಯಿಂದ ಓದಲು ನನ್ನಿಂದ ಆಗಿಲ್ಲ. ಅವನ ಶಕ್ತಿ ಗೊತ್ತಿದೆ. ಮನುಷ್ಯನ ಕಡೆ ದ್ವೇಷವೂ ಇಲ್ಲದ, ಲಕ್ಷ್ಯವೂ ಇಲ್ಲದ ವಿಶ್ವವೊಂದರ ಭಯವನ್ನು ಅವನಷ್ಟು ದೊಡ್ಡದಾಗಿ ಕಲ್ಪಿಸಿದವರು ಕಡಿಮೆ. ಭಯದ ಸಾಹಿತ್ಯದ ಬಗ್ಗೆ ಅವನು 1927ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಅವನ ಭಯದ ಬೇರು ಬೇರೆ ಬಣ್ಣದ, ಬೇರೆ ದೇಶದ ಜನರ ಮೇಲಿನ ಅಸಹ್ಯದಲ್ಲಿದೆ. 1928ರ 'ದಿ ಕಾಲ್ ಆಫ್ ಕ್ಥುಲ್ಹು' ಕಥೆಯಲ್ಲಿ ಸಮುದ್ರದ ಆ ಭೀಕರವನ್ನು ಕಂಡು ಬದುಕಿ ಬಂದ ನಾವಿಕನೊಬ್ಬ ಗೋಥೆನ್‌ಬರ್ಗ್ ಬಂದರಿನ ಓಣಿಯಲ್ಲಿ ಬೀಳುತ್ತಾನೆ. ಇಬ್ಬರು ಲಸ್ಕರ್ ನಾವಿಕರು ಅವನನ್ನು ಹಿಡಿದೆತ್ತುತ್ತಾರೆ. ಆಂಬುಲೆನ್ಸ್ ಬರುವಷ್ಟರಲ್ಲಿ ಅವನು ಸತ್ತಿರುತ್ತಾನೆ. ಅವರೇ ಕೊಂದರು ಎಂದು ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಲವ್‌ಕ್ರಾಫ್ಟ್‌ಗೆ ಕಾಣಲಿಲ್ಲ. ಲಸ್ಕರರು ಎಂದರೆ ಸಾಕಿತ್ತು. ಬ್ರಿಟಿಷ್ ಹಡಗುಗಳ ಇಂಜಿನ್ ಕೋಣೆಯಲ್ಲಿ, ಡೆಕ್ಕಿನ ಮೇಲೆ ಕಡಿಮೆ ಸಂಬಳಕ್ಕೆ ದುಡಿದ, ಹೆಚ್ಚಾಗಿ ನಮ್ಮ ಉಪಖಂಡದ ಜನ ಅವರು. ಅಲ್ಲಿಯವರೆಗೆ ಕೊಲೆಗಾರನ ಮನಸ್ಸಿನಲ್ಲೂ ಕೂತು ಓದಿದ್ದ ನನಗೆ ಈ ಕಥೆಯಲ್ಲಿ ಕೂರಲು ಕೊಟ್ಟ ಜಾಗ ಆ ಓಣಿ ಮಾತ್ರ. ಟೋನಿ ಮಾರಿಸನ್ 1992ರ 'ಪ್ಲೇಯಿಂಗ್ ಇನ್ ದಿ ಡಾರ್ಕ್' ಪುಸ್ತಕದಲ್ಲಿ ಪೋನ ಬರಹದೊಳಗಿನ ಬಿಳಿ-ಕಪ್ಪುಗಳನ್ನು ಬಿಡಿಸಿ ತೋರಿಸಿದ್ದಾರೆ. ಅದನ್ನು ಓದಿದ ಮೇಲೆ, ಇಂಥ ಕಥೆಯನ್ನು ಮುಚ್ಚಿಡದೆ ಕಲಿಸುವುದು ಹೇಗೆಂದು ಗೊತ್ತಾಯಿತು.

ಕಪ್ಪು ಅಮೆರಿಕನ್ ಕಾದಂಬರಿಕಾರ ವಿಕ್ಟರ್ ಲವಾಲ್ 2016ರಲ್ಲಿ 'ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' ಬರೆದರು. ಲವ್‌ಕ್ರಾಫ್ಟ್‌ನ ಅತಿ ಕಹಿಯಾದ ಕಥೆಗಳಲ್ಲಿ ಒಂದಾದ 'ದಿ ಹಾರರ್ ಅಟ್ ರೆಡ್ ಹುಕ್' ಅನ್ನೇ ಎತ್ತಿಕೊಂಡು, 1924ರ ಹಾರ್ಲೆಮ್‌ನ ಕಪ್ಪು ತರುಣ ಟಾಮಿ ಟೆಸ್ಟರ್‌ನ ಕಡೆಯಿಂದ ಹೇಳಿದರು. ಪುಸ್ತಕವನ್ನು ಲವ್‌ಕ್ರಾಫ್ಟ್‌ಗೇ ಅರ್ಪಿಸಿದ್ದಾರೆ, ಮನಸ್ಸಿನ ಇಬ್ಬಂದಿಯನ್ನು ಅರ್ಪಣೆಯಲ್ಲೇ ಹೇಳಿಕೊಂಡು. ಪೋನ ಗೋಡೆಯನ್ನು ಗಿಲ್ಮನ್ ತೆರೆದ ಹಾಗೆ ಲವ್‌ಕ್ರಾಫ್ಟ್ ಮುಚ್ಚಿದ್ದ ಬಾಗಿಲನ್ನು ಲವಾಲ್ ತೆರೆದರು. ಭಟ್ಕಳದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಈ ಪುಸ್ತಕ ಕೊಟ್ಟಿದ್ದೆ. ಅವಳ ಮುತ್ತಜ್ಜ ಹಡಗಿನಲ್ಲಿ ಕೆಲಸ ಮಾಡಿದವರಂತೆ. ಗೋಥೆನ್‌ಬರ್ಗ್ ಓಣಿಯ ಆ ಇಬ್ಬರು ನಾವಿಕರ ಕಥೆಯನ್ನು ಅವಳು ಈಗ ಕನ್ನಡದಲ್ಲಿ ಬರೆಯುತ್ತಿದ್ದಾಳೆ. ಕಳೆದ ತಿಂಗಳು ಮೊದಲ ಭಾಗ ಕಳಿಸಿದಳು. ಇಬ್ಬರಿಗೂ ಹೆಸರು ಇಟ್ಟಿದ್ದಾಳೆ.